ಹೆಸರು ಕೇಳಿದರೆ ಪಕ್ಕದವರು ಹೇಳುತ್ತಾರೆ

ಪರೀಕ್ಷೆ ಮುಗಿದು ಶಾಲೆಗಳಿಗೆ ಬೀಗ ಬಿದ್ದ ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಿವೃತ್ತಿಯಾಗಿ ಇದು ಎರಡನೇ ಬೇಸಿಗೆ. ಬೆಳಗ್ಗೆ ಎದ್ದು ಅಂಗಳ ಗುಡಿಸುತ್ತೇನೆ, ಕಾಫಿ ಕುಡಿಯುತ್ತೇನೆ, ಗುಡಿಸಿದ ಅಂಗಳವನ್ನೇ ಇನ್ನೊಂದು ಸಲ ಗುಡಿಸುತ್ತೇನೆ. "ಅತ್ತೆ, ಒಂದು ಗಳಿಗೆ ಕೂತ್ಕಳಿ, ನೆಲ ಏನೂ ಕಚ್ಚಲ್ಲ" ಎಂದು ಸೊಸೆ ರೇಗಿಸುತ್ತಾಳೆ. ಕೂರುತ್ತೇನೆ. ಕೂತ ಮೇಲೆ ಕಾಲು ಅದರಷ್ಟಕ್ಕೆ ಅದು ಕುಣಿಯುತ್ತದೆ.

ಮೊನ್ನೆ ಇಬ್ಬರು ಹೊಸ ಟೀಚರುಗಳು ಮನೆಗೆ ಬಂದಿದ್ದರು. ಈ ಸಲದ ಬೇಸಿಗೆ ಶಿಬಿರ ಅವರ ತಲೆಗೆ ಬಂದಿದೆಯಂತೆ. ಹತ್ತರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಆತ್ಮವಿಶ್ವಾಸ ತುಂಬಬೇಕು ಎಂದು ಇಲಾಖೆಯಿಂದ ಕಾಗದ ಬಂದಿದೆಯಂತೆ. ತುಂಬುವುದಂತೆ! ಬಿಂದಿಗೆಗೆ ನೀರು ತುಂಬಿದ ಹಾಗೆ! "ಏನೇನು ಮಾಡಿಸ್ಬೇಕು ಹೇಳಿ ಮೇಡಂ, ಬರ್ಕೋತೀವಿ" ಅಂದರು. ನಾನು ಟೀ ಕೊಟ್ಟೆ, ಚಕ್ಕುಲಿ ಕೊಟ್ಟೆ, ಆಟ ಹೇಳಿಕೊಟ್ಟೆ, ಹಾಡು ಹೇಳಿಕೊಟ್ಟೆ. ಅವರು ಬಸ್ಸು ಹತ್ತಿ ಹೋದ ಮೇಲೆ ತಲೆ ಚಚ್ಚಿಕೊಂಡೆ. ಹೇಳಲೇಬೇಕಾದ ಒಂದು ಮಾತನ್ನೇ ಹೇಳಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ವರ್ಗಾವಣೆ, ಬಡ್ತಿ, ಸನ್ಮಾನದ ಪುರಾಣ ಇದರಲ್ಲಿಲ್ಲ. ನಾನು ಸಮಾಜ ಪಾಠದ ಟೀಚರು, ಹುಟ್ಟೂರು ಮಿರ್ಲೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೊನೆಗೆ ಕೋಟೆ ತಾಲ್ಲೂಕು, ಇಷ್ಟೂ ಕಡೆ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕುಣಿದವಳು. ಇಷ್ಟು ಪರಿಚಯ ಸಾಕು.

ಮೊದಲು ನನ್ನ ಮೊದಲನೇ ಎಡವಟ್ಟು. ಹುಣಸೂರು ತಾಲ್ಲೂಕಿನ ಒಂದು ಶಾಲೆ. ಅಲ್ಲಿನ ಹೆಡ್‌ಮೇಷ್ಟ್ರಿಗೆ ಮೈಕ್ ಎಂದರೆ ಪ್ರಾಣ. "ನೋಡಿ ಮೇಡಂ, ಮೈಕ್ ಮುಂದೆ ನಿಂತ ಮಗು ಆಮೇಲೆ ಎಲ್ಲಿ ಬೇಕಾದ್ರೂ ನಿಲ್ಲುತ್ತೆ" ಎನ್ನುತ್ತಿದ್ದರು. ಶಿಬಿರದ ಕಡೆಯ ದಿನ ಪ್ರತಿ ಮಗುವೂ ಊರವರ ಮುಂದೆ ಎರಡು ನಿಮಿಷ 'ನನ್ನ ಗುರಿ' ಎಂದು ಮಾತಾಡಬೇಕು. ಮಾತು ಯಾರದು? ನಂದೇ. ಇಪ್ಪತ್ತೆಂಟು ಮಕ್ಕಳಿಗೆ ಇಪ್ಪತ್ತೆಂಟು ಗುರಿ ನಾನೇ ಬರೆದು ಬಾಯಿಪಾಠ ಮಾಡಿಸಿದ್ದೆ. ಮಂಜು ಎಂಬ ಹನ್ನೆರಡು ವರ್ಷದವನು ಮೈಕ್ ಹಿಡಿದು "ಮಾನ್ಯ ಅಧ್ಯಕ್ಷರೇ" ಎಂದ. ಮುಂದಿನದು ಮರೆತ. ಮತ್ತೆ "ಮಾನ್ಯ ಅಧ್ಯಕ್ಷರೇ" ಎಂದ. ಮೂರನೇ ಸಲಕ್ಕೆ ನನಗೆ ತಡೆಯಲಾಗಲಿಲ್ಲ. ವೇದಿಕೆ ಪಕ್ಕದಿಂದ ಬಗ್ಗಿ "ನಾನು ವೈದ್ಯನಾಗಿ ಬಡವರ ಸೇವೆ ಮಾಡುತ್ತೇನೆ" ಎಂದು ಹೇಳಿಕೊಟ್ಟೆ. ಮೈಕು ಅದನ್ನೂ ಎಳೆದುಕೊಂಡಿತು. ಬಾಯಿ ತೆರೆದು ನಿಂತ ಹುಡುಗನ ಹತ್ತಿರದಿಂದ ನನ್ನ ಹೆಂಗಸು ದನಿ ಊರಿಗೆಲ್ಲ ಕೇಳಿತು. ಜನ ಬಿದ್ದು ಬಿದ್ದು ನಕ್ಕರು. "ಯಾರ್ಲಾ ಡಾಕ್ಟ್ರು, ನೀನಾ ನಿಮ್ಮ್ ಮಿಸ್ಸಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

ಆಮೇಲೆ ಒಂದು ವರ್ಷ ಆ ಹುಡುಗ ನಾನು ಈ ಕಡೆ ಬಂದರೆ ಆ ಕಡೆ ದಾಟುತ್ತಿದ್ದ. ನಾನೂ ಬೇಸರ ಮಾಡಿಕೊಂಡೆ, ಮೈಕು ಸರಿಯಿಲ್ಲ ಎಂದುಕೊಂಡೆ. ತಪ್ಪು ಮೈಕಿನದಲ್ಲ ಎಂದು ಹೊಳೆಯಲಿಕ್ಕೆ ಬಹಳ ಬೇಸಿಗೆಗಳು ಬೇಕಾದವು.

ಪಿರಿಯಾಪಟ್ಟಣದ ಕಡೆ ಹೋದಾಗ ಇನ್ನೊಂದು ತರದ ಫಜೀತಿ. ಶಿಬಿರ ಶುರುವಾದ ಮೂರನೇ ದಿನಕ್ಕೆ ಕೋಣೆ ಖಾಲಿ. ಬೇಸಿಗೆ ರಜೆ ಎಂದರೆ ಅಲ್ಲಿ ಹೊಗೆಸೊಪ್ಪಿನ ಸಸಿ ಕಾಲ, ಮಕ್ಕಳೆಲ್ಲ ಅವರವರ ಹೊಲದಲ್ಲಿ. ಹುಡುಕಿಕೊಂಡು ಹೋದೆ. ಹೊಂಗೆಮರದ ನೆರಳಲ್ಲಿ ಕೂತು ಟ್ರೇಗಳಿಗೆ ತೆಂಗಿನ ನಾರಿನ ಪುಡಿ ತುಂಬುತ್ತಿದ್ದರು. ನನ್ನ ಮುಂದೆ ಹೆಸರು ಹೇಳಲು ನೆಲ ನೋಡುತ್ತಿದ್ದ ಹುಡುಗಿ ಅಲ್ಲಿ ಅಪ್ಪನಿಗೇ ದಬಾಯಿಸುತ್ತಿದ್ದಳು. "ಇಂಗೆ ಒತ್ತಿ ತುಂಬಿದ್ರೆ ಬೇರು ಎಲ್ಲೋಯ್ತದೆ? ಸಡ್ಲ ಬುಡಪ್ಪ!" ಅಪ್ಪ ಸಡಿಲ ಬಿಟ್ಟ. ಇವಳಿಗೆ ನಾನು ಏನನ್ನು ತುಂಬಲಿ?

ಮಾರನೆಯ ದಿನದಿಂದ ಶಿಬಿರವನ್ನೇ ಆ ಮರದ ಕೆಳಕ್ಕೆ ಒಯ್ದೆ. ತಪಾಸಣೆಗೆ ಬಂದ ಸಾಹೇಬರು ಬ್ಯಾನರ್ ಎಲ್ಲಿ ಎಂದರು. ಹೊಗೆಸೊಪ್ಪನ್ನು ಬಿಸಿಗೆ ಒಣಗಿಸುವ ಬ್ಯಾರನ್ನಿನ ಗೋಡೆಗೆ ಕಟ್ಟಿದ್ದೆ, ತೋರಿಸಿದೆ. "ಇದೇನ್ರೀ ಮೇಡಂ, ಶಿಬಿರವೋ ಕೂಲಿ ಕೆಲಸವೋ?" ಎಂದರು. "ಸಾರ್, ಮಕ್ಕಳು ಎಲ್ಲಿ ಮಾತಾಡ್ತಾರೋ ಅಲ್ಲಿ ಶಿಬಿರ" ಎಂದೆ. ಅವರು ಫೋಟೋ ತೆಗೆಸಿಕೊಂಡರು, ಬ್ಯಾರನ್ನು ಕಾಣದ ಹಾಗೆ.

ಕೆ.ಆರ್. ನಗರಕ್ಕೆ ಬರುವ ಹೊತ್ತಿಗೆ ಕಾಲ ತಿರುಗಿತ್ತು. ಹಾಡು, ಕೋಲಾಟ, ಜೇಡಿಮಣ್ಣು ಹೋಗಿ ಪ್ರೊಜೆಕ್ಟರ್ ಬಂತು. ಮೈಸೂರಿನಿಂದ ಟೈ ಕಟ್ಟಿದ ಒಬ್ಬರು ಬಂದು ಮಕ್ಕಳನ್ನು ಕನ್ನಡಿ ಮುಂದೆ ನಿಲ್ಲಿಸಿ "ನಾನು ಸಿಂಹ" ಎಂದು ಹತ್ತು ಸಲ ಹೇಳಿಸಿದರು. ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ತಿವಿದು ನಕ್ಕವು. ಕೊರೊನಾ ಕಳೆದ ಮೇಲೆ ಬಂದ ಮಕ್ಕಳಂತೂ ಮೊಬೈಲಿನಲ್ಲಿ ರೀಲ್ಸ್ ಮಾಡಿ ಕುಣಿಯುತ್ತಿದ್ದವು, ಎದುರಿಗೆ ನಿಂತ ಮನುಷ್ಯನ ಮುಖ ನೋಡುತ್ತಿರಲಿಲ್ಲ. ಹಾಗೆಂದು ಸಿಂಹದವರನ್ನು ಬೈಯುವುದಿಲ್ಲ, ಮೊಬೈಲನ್ನೂ ಬೈಯುವುದಿಲ್ಲ. ನಾನು ಇಪ್ಪತ್ತೆಂಟು ಗುರಿ ಬರೆದವಳು.

ಆ ಊರಲ್ಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಶಿಬಿರಕ್ಕೆ ಹೆಸರು ಬರೆಸುವ ದಿನ ನಾನು ಮಗುವಿನ ಮುಖ ನೋಡಿ "ನಿನ್ನ ಹೆಸರೇನಪ್ಪ?" ಎನ್ನುತ್ತೇನೆ. "ದರ್ಶನ್ ಕಣ್ ಮಿಸ್" ಎಂದು ಅವರಮ್ಮ ಹೇಳುತ್ತಾಳೆ. "ಎಷ್ಟನೇ ಕ್ಲಾಸು?" "ಆರು ಪಾಸಾಯ್ತು, ಲೆಕ್ಕದಲ್ಲಿ ಒಸಿ ವೀಕು" ಎಂದು ಅವರಪ್ಪ ಹೇಳುತ್ತಾನೆ. "ನಿನಗೆ ಏನು ಇಷ್ಟ?" "ಅವುನ್ಗೆ ಉಪ್ಸಾರು ಕಂಡ್ರಾಗಲ್ಲ" ಎಂದು ಜೊತೆಗೆ ಬಂದ ಚಿಕ್ಕಮ್ಮ ಹೇಳುತ್ತಾಳೆ. ಮಗು ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಾ ನಿಂತಿರುತ್ತದೆ, ಯಾರದೋ ವಿಚಾರ ನಡೆಯುತ್ತಿದೆ ಎನ್ನುವ ಹಾಗೆ. ನಮ್ಮ ಸೀಮೆಯಲ್ಲಿ ಇದು ಪ್ರೀತಿ. ಪರರು ಕೇಳಿದಾಗ ಮಗು ತಡವರಿಸಬಾರದು ಎಂದು ದೊಡ್ಡವರು ಮುಂದೆ ಬೀಳುತ್ತಾರೆ. ನಮ್ಮಜ್ಜಿಯೂ ನನ್ನ ಬದಲು ಹೀಗೇ ಹೇಳುತ್ತಿದ್ದಳು. ಹಾಗಾಗಿ ಅದು ನನ್ನ ಕಣ್ಣಿಗೆ ಅಷ್ಟು ವರ್ಷ ಬಿದ್ದೇ ಇರಲಿಲ್ಲ.

ಅಲ್ಲಿಂದ ಮುಂದಕ್ಕೆ ಒಂದು ಉಪಾಯ ಮಾಡಿದೆ. ಹೆಸರು ಬರೆಸುವ ದಿನ ಬಾಗಿಲಲ್ಲೇ ತಟ್ಟೆ ತುಂಬ ಎಲೆ ಅಡಿಕೆ ಇಟ್ಟೆ. "ಮೊದ್ಲು ಎಲೆ ಹಾಕ್ಕಳಿ, ಆಮೇಲೆ ಬನ್ನಿ" ಎಂದೆ. ಬಾಯಿ ತುಂಬ ರಸ ಇಟ್ಟುಕೊಂಡವರು ಏನು ಮಾತಾಡಿಯಾರು? ಪ್ರಶ್ನೆ ಬಿದ್ದ ಕೂಡಲೇ "ಉಂ, ಉಂ" ಎಂದು ಕೈ ಆಡಿಸುತ್ತಿದ್ದರು, ಅಷ್ಟರಲ್ಲಿ ಮಗು ಬೇರೆ ದಾರಿ ಕಾಣದೆ ಹೆಸರು ಹೇಳಿಬಿಡುತ್ತಿತ್ತು. ಶಾಲೆ ಗೋಡೆಗೆಲ್ಲ ಉಗಿದರು ಎಂದು ಹೆಡ್‌ಮೇಷ್ಟ್ರು ಕೂಗಾಡಿದ ಮೇಲೆ ಎಲೆ ಅಡಿಕೆ ಬಿಟ್ಟು ಕಡಲೆಪುರಿ ಇಟ್ಟೆ. ಅದೂ ಕೆಲಸ ಮಾಡಿತು.

ದೊಡ್ಡವರ ಬಾಯಿ ಕಟ್ಟುವುದನ್ನು ಕಲಿತೆ ಎಂದು ಬೀಗುತ್ತಾ ಕೋಟೆ ತಾಲ್ಲೂಕಿಗೆ ಹೋದೆ. ನಿವೃತ್ತಿಗೆ ಮುಂಚಿನ ಕಡೆಯ ಬೇಸಿಗೆ, ಅಂತರಸಂತೆಯಲ್ಲಿ ಶಿಬಿರ. ಅಲ್ಲಿಗೆ ಎನ್. ಬೇಗೂರಿನ ಆಚೆಯಿಂದ ಭಾಗ್ಯ ಎಂಬ ಹದಿಮೂರು ವರ್ಷದ ಹುಡುಗಿ ಅವಳ ಅಜ್ಜಿಯ ಜೊತೆ ಬಂದು, ಶಿಬಿರ ಮುಗಿಯುವ ತನಕ ನೆಂಟರ ಮನೆಯಲ್ಲಿ ಉಳಿದಳು. ಏಳನೇ ಕ್ಲಾಸು ಮುಗಿದಿತ್ತು. ಅವಳ ಊರಿನ ಶಾಲೆ ಅಲ್ಲಿಗೇ ನಿಲ್ಲುತ್ತದೆ. ಮುಂದೆ ಓದಬೇಕೆಂದರೆ ತಾಲ್ಲೂಕು ಕೇಂದ್ರದ ಹಾಸ್ಟೆಲ್ಲು. ದಿನಾ ಓಡಾಡುವ ಮಾತೇ ಇಲ್ಲ. ಸಂಜೆ ಬಸ್ಸು ಇಳಿದು ನಡೆಯುವ ದಾರಿಯಲ್ಲಿ ಆನೆ. ಹಾಸ್ಟೆಲ್ಲು ಸಿಗದಿದ್ದರೆ ವಯನಾಡಿನ ಕಾಫಿ ತೋಟದಲ್ಲಿ ಕೆಲಸಕ್ಕಿರುವ ಅವಳ ಅತ್ತೆ ಜೂನ್ ತಿಂಗಳಲ್ಲಿ ಬಂದು ಜೊತೆಗೆ ಕರೆದುಕೊಂಡು ಹೋಗುವುದು ಎಂದು ಮನೆಯಲ್ಲಿ ಮಾತಾಗಿತ್ತು.

ಕಾಡಂಚಿನ ಹೊಲದಲ್ಲಿ ಆನೆ ಕಂಡರೆ ಈ ಹುಡುಗಿ ಕೂಗುವ ಕೂಗು ಮೂರು ಹೊಲ ದಾಟಿ ಕೇಳುತ್ತದೆ ಎಂದು ಅಜ್ಜಿ ಹೇಳಿದಳು. ನನ್ನ ಮುಂದೆ ಬಾಯಿ ಬಿಡಲಿಲ್ಲ. ಶಿಬಿರದಲ್ಲಿ ನಾನು ಮಕ್ಕಳನ್ನು ಅಂತರಸಂತೆಯ ಸಂತೆಗೆ ಕಳಿಸುತ್ತಿದ್ದೆ. ಟೈಲರ್ ಹತ್ತಿರ ಹೋಗಿ ಗುಂಡಿ ತೂತಿಗೆ ಕಾಜಾ ಹೇಗೆ ಹಾಕುತ್ತೀರಿ ಎಂದು ಕೇಳಿ ಬಾ, ಹಿಟ್ಟಿನ ಮಿಲ್ಲಿನವರ ಹತ್ತಿರ ಬೀಸುವ ಕಲ್ಲಿಗೆ ಮೊನೆ ಹೇಗೆ ಹೊಡೆಯುತ್ತೀರಿ ಎಂದು ಕೇಳಿ ಬಾ. ಬೇರೆ ಮಕ್ಕಳು ಓಡಿ ಹೋಗಿ ಕೇಳಿ ಬರುತ್ತಿದ್ದವು. ಭಾಗ್ಯ ಟೈಲರ್ ಅಂಗಡಿ ಮುಂದೆ ಅರ್ಧ ದಿನ ನಿಂತು, ಕಣ್ಣಲ್ಲೇ ನೋಡಿ ಕಲಿತುಕೊಂಡು, ಬಂದು ನನ್ನ ಕರವಸ್ತ್ರಕ್ಕೆ ಕಾಜಾ ಹಾಕಿ ತೋರಿಸಿದಳು. "ಕೇಳಿದ್ಯೇನೇ?" ಎಂದರೆ ತಲೆ ಅಡ್ಡಡ್ಡ ಆಡಿಸಿದಳು. ಎಷ್ಟು ಚೆನ್ನಾದ ಕಾಜಾ! ನಾನು ಹೊಗಳಿ ಸುಮ್ಮನಾದೆ. ಇದು ಎರಡನೇ ಎಡವಟ್ಟು. ಕೇಳದೆ ನಡೆಸಿಕೊಂಡು ಹೋಗುವುದನ್ನು ಅವಳು ಆಗಲೇ ಚೆನ್ನಾಗಿ ಕಲಿತಿದ್ದಳು, ನಾನು ಅದಕ್ಕೆ ಶಹಬ್ಬಾಸ್ ಹೇಳಿದೆ.

ಮೂರನೆಯದೇ ದೊಡ್ಡದು. ಹಾಸ್ಟೆಲ್ ಸೀಟಿಗೆ ಮಗುವನ್ನು ಕರೆದುಕೊಂಡು ವಾರ್ಡನ್ನರನ್ನು ಕಾಣಬೇಕಿತ್ತು. "ನಂಗೆ ಓದಕ್ ಬರಾಕಿಲ್ಲ, ನೀವೇ ಬನ್ನಿ ಟೀಚರಮ್ಮ" ಎಂದು ಅಜ್ಜಿ ಕೈ ಹಿಡಿದಳು. ಹೋದೆ. ವಾರ್ಡನ್ ಗಟ್ಟಿ ಹೆಂಗಸು, ಕನ್ನಡಕದ ಮೇಲಿಂದ ನೋಡಿ "ಏನಮ್ಮ ನಿನ್ನ ಹೆಸರು?" ಎಂದರು. ಭಾಗ್ಯ ನೆಲ ನೋಡಿದಳು. ಒಂದು ಉಸಿರು ಕಳೆಯಿತು, ಎರಡು ಕಳೆಯಿತು. ಎಲ್ಲಿ ಸೀಟು ಕೈ ತಪ್ಪುತ್ತದೋ ಎಂದು ನಾನು ಒಂದು ಹೆಜ್ಜೆ ಮುಂದೆ ಬಂದೆ.

"ಭಾಗ್ಯ ಅಂತ ಮೇಡಂ" ಎಂದೆ. ನಾನು.

"ಯಾಕೆ ಹಾಸ್ಟೆಲ್ ಬೇಕು?"

"ದಾರಿಯಲ್ಲಿ ಆನೆ ಕಾಟ ಮೇಡಂ. ತುಂಬಾ ಚೂಟಿ ಹುಡುಗಿ, ಕೈಕೆಲಸ ನೋಡಬೇಕು ನೀವು." ಇದೂ ನಾನೇ.

"ಇಲ್ಲಿ ಹೊಂದ್ಕೊಂಡು ಇರ್ತೀಯಾ?"

"ಇರ್ತಾಳೆ ಮೇಡಂ!"

ಸೀಟು ಸಿಕ್ಕಿತು. ನಾನು ಆ ಸಂತೋಷದಲ್ಲಿ ಮೂವರಿಗೂ ಮಸಾಲೆ ದೋಸೆ ಕೊಡಿಸಿದೆ. ಊರ ತಾಯಂದಿರ ಬಾಯಿಗೆ ಎಲೆ ಅಡಿಕೆ ತುರುಕಿದವಳು ನನ್ನ ಬಾಯಿಗೆ ಏನೂ ಹಾಕಿಕೊಂಡಿರಲಿಲ್ಲ.

ಶಾಲೆ ಶುರುವಾಗಿ ಆರನೇ ದಿನ ಭಾಗ್ಯ ಹಾಸ್ಟೆಲ್ ಬಿಟ್ಟು ಊರಿಗೆ ಬಂದಿದ್ದಾಳೆ ಎಂದು ಸುದ್ದಿ ಬಂತು. ಶನಿವಾರ ಮಧ್ಯಾಹ್ನ ಶಾಲೆಯಿಂದ ಸೀದಾ ಬಸ್‌ಸ್ಟ್ಯಾಂಡಿಗೆ ನಡೆದು, ಯಾರಿಗೂ ಹೇಳದೆ ಬಸ್ಸು ಹತ್ತಿದ್ದಳು. ಹಾಸ್ಟೆಲಿನವರು ಊರೆಲ್ಲ ಹುಡುಕಿದ್ದರು. ನಾನು ಕೈಯಲ್ಲಿದ್ದ ಕೆಲಸ ಹಾಗೇ ಬಿಟ್ಟು ಎನ್. ಬೇಗೂರಿನ ಬಸ್ಸು ಹತ್ತಿದೆ. ಕಿಟಕಿ ಪಕ್ಕದಿಂದ ಎದ್ದು ಬಾಗಿಲ ಪಕ್ಕ ಕೂತೆ, ಅಲ್ಲಿಂದ ಎದ್ದು ಡ್ರೈವರ್ ಹಿಂದೆ ಕೂತೆ. "ಎಲ್ಲಿ ಕೂತ್ರೂ ಒಂದೇ ಹೊತ್ತಿಗೆ ಹೋಗೋದು ಕಣಮ್ಮ" ಎಂದು ಕಂಡಕ್ಟರ್ ಹೇಳಿದ.

ಭಾಗ್ಯ ಅಂಗಳದಲ್ಲಿ ಅವರೆ ಬಿತ್ತನೆಕಾಳು ಆರಿಸುತ್ತಿದ್ದಳು. ಎದುರಿಗೆ ಕುಕ್ಕರಗಾಲಲ್ಲಿ ಕೂತೆ. "ಯಾಕವ್ವ ಬಂದೆ?"

"ಅವ್ಳೇನ್ ಏಳ್ತಾಳೆ, ಅಲ್ಲೆಲ್ಲಾ..." ಎಂದು ಅಜ್ಜಿ ಶುರು ಮಾಡಿದಳು. ನಾನು ಅಜ್ಜಿಯ ಕೈ ಹಿಡಿದು ಅದುಮಿದೆ. ಅಜ್ಜಿ ನಿಲ್ಲಿಸಿದಳು. ಆಮೇಲೆ ನಾನೂ ನಿಲ್ಲಿಸಿಕೊಂಡೆ. ಹೊಸ ಟೀಚರುಗಳೇ, ಇದನ್ನು ಬರೆದುಕೊಳ್ಳಿ. ಮಗುವನ್ನು ಒಂದು ಮಾತು ಕೇಳಿದ ಮೇಲೆ ಸುಮ್ಮನಿರುವುದಕ್ಕಿಂತ ಕಷ್ಟದ ಕೆಲಸ ಈ ವೃತ್ತಿಯಲ್ಲಿ ಇಲ್ಲ. ಮೂವತ್ತು ವರ್ಷದ ಸರ್ವೀಸಿನಲ್ಲಿ ಒಂದು ಪ್ರಶ್ನೆ ಕೇಳಿ ನಾಲ್ಕು ಎಣಿಸುವಷ್ಟು ಹೊತ್ತೂ ನಾನು ಕಾದವಳಲ್ಲ. ಆವತ್ತು ಕಾದೆ. ಕೋಳಿ ಬಂದು ಅವರೆಕಾಳಿಗೆ ಬಾಯಿ ಹಾಕಿತು, ಹೋಯಿತು. ಕಾಲು ಜೋಮು ಹಿಡಿಯಿತು. ಏನೇನೋ ಹತ್ತು ಮಾತು ನಾಲಿಗೆ ತುದಿಗೆ ಬಂದು ವಾಪಸು ಹೋದವು.

"ನನ್ ತಟ್ಟೆ ಒಬ್ಳು ಅಕ್ಕ ಇಸ್ಕೊಂಡ್ಲು" ಎಂದಳು ಭಾಗ್ಯ.

ಸ್ಟೀಲ್ ತಟ್ಟೆ. ಅಜ್ಜಿ ಸಂತೆಯಲ್ಲಿ ಕೊಂಡು, ಅಂಚಿನ ಮೇಲೆ ಅವಳ ಹೆಸರು ಹೊಡೆಸಿ ಕೊಟ್ಟದ್ದು. ಹಾಸ್ಟೆಲಿನಲ್ಲಿ ಮೊದಲನೇ ದಿನವೇ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಊಟದ ಸಾಲಿನಲ್ಲಿ "ಇದು ನಂದು" ಎಂದು ತೆಗೆದುಕೊಂಡಿದ್ದಾಳೆ. ಹೆಸರು ಕಣ್ಣೆದುರಿಗೆ ಹೊಳೆಯುತ್ತಿದೆ, ಆದರೂ ಇವಳ ಬಾಯಿಂದ 'ನಂದು' ಎಂದು ಬರಲಿಲ್ಲ. ಆರು ದಿನ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಊಟ ಮಾಡಿದ್ದಾಳೆ. ಮುಚ್ಚಳದಲ್ಲಿ ಸಾರು ನಿಲ್ಲುವುದಿಲ್ಲ, ಬರೀ ಅನ್ನ.

"ವಾರ್ಡನ್‌ಗೆ ಹೇಳ್ಬೇಕಾಗಿತ್ತು" ಎನ್ನಲು ಹೊರಟೆ. ಬಾಯಿ ಮುಚ್ಚಿದೆ. ವಾರ್ಡನ್ನಿಗೆ ಈ ಹುಡುಗಿಯ ದನಿಯೇ ಗೊತ್ತಿಲ್ಲವಲ್ಲ. ಅಲ್ಲಿ ನನ್ನ ದನಿಯನ್ನು ಸೇರಿಸಿ ಬಂದಿದ್ದೆ, ಮಗುವನ್ನಲ್ಲ.

"ಈಗೇನು ಮಾಡ್ಬೇಕು ಅಂತಿದ್ದೀಯ?" ಎಂದು ಕೇಳಿ ಮತ್ತೆ ಕಾದೆ. ಈ ಸಲ ಅಷ್ಟು ಹೊತ್ತು ಹಿಡಿಯಲಿಲ್ಲ.

"ಅತ್ತೆ ಸೋಮಾರ ಬತ್ತದಂತೆ" ಎಂದಳು. ಕಾಳು ಆರಿಸುವ ಕೈ ನಿಂತಿತು. "ನಂಗೆ ಓಗಕ್ ಇಷ್ಟ ಇಲ್ಲ."

ಆ ರಾತ್ರಿ ನಾನು ಅವರ ಮನೆಯಲ್ಲೇ ಉಳಿದೆ. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಅಜ್ಜಿ, ಭಾಗ್ಯ, ನಾನು ಹೊರಟೆವು. ದಾರಿ ಉದ್ದಕ್ಕೂ ನಾನು ಅವಳಿಗೆ ಏನು ಹೇಳಬೇಕೆಂದು ಹೇಳಿಕೊಡಲಿಲ್ಲ. ಹೇಳಿಕೊಡದೆ ಇರುವುದಕ್ಕೆ ಎರಡೂ ಕೈಯಲ್ಲಿ ಸೀಟಿನ ಕಂಬಿ ಹಿಡಿದುಕೊಂಡಿದ್ದೆ. ಹಾಸ್ಟೆಲ್ ಬಾಗಿಲಲ್ಲಿ "ನಾನಿಲ್ಲೇ ಇರ್ತೀನಿ, ನೀನು ಹೋಗು" ಎಂದೆ. ಅವಳು ನನ್ನ ಮುಖ ನೋಡಿದಳು. ಅಜ್ಜಿ ನನ್ನ ಮುಖ ನೋಡಿದಳು. "ಎಂಗೆ ಟೀಚರಮ್ಮ, ಒಬ್ಳನ್ನೇ ಕಳಿಸ್ತೀರಾ? ಅದ್ಕೇನ್ ಗೊತ್ತಾಯ್ತದೆ?" ಎಂದಳು. ಭಾಗ್ಯ ಲಂಗ ಸರಿ ಮಾಡಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಹೊರಗೆ ಸಿಮೆಂಟಿನ ಬೆಂಚು. ಕೂತೆ, ಎದ್ದೆ. ನೋಟೀಸ್ ಬೋರ್ಡಿನಲ್ಲಿದ್ದ ವಾರದ ಊಟದ ಪಟ್ಟಿ ಓದಿದೆ. ಮತ್ತೆ ಓದಿದೆ. ಒಳಗಿನಿಂದ ವಾರ್ಡನ್ ದನಿ ಜೋರಾಗಿ ಕೇಳಿತು. ಹೇಳದೆ ಕೇಳದೆ ಹೋದ ಹುಡುಗಿ, ಅವರಿಗೆ ಎಷ್ಟು ದಿಗಿಲಾಗಿರಬೇಡ, ಬೈಯುವುದು ನ್ಯಾಯವೇ. ಆ ದನಿ ನಿಂತಿತು. ಆಮೇಲೆ ಏನೂ ಕೇಳಲಿಲ್ಲ. ಇವಳು ಮಾತಾಡುತ್ತಿದ್ದಾಳೋ, ನೆಲ ನೋಡುತ್ತಾ ನಿಂತಿದ್ದಾಳೋ? ಒಂದು ಮಾತು ಒಳಗೆ ಹೋಗಿ ಹೇಳಿಬಿಟ್ಟರೆ ಮುಗಿಯುತ್ತದೆ, ಒಂದೇ ಮಾತು. ನಾಳೆ ಸೋಮವಾರ. ನನ್ನ ಹಟಕ್ಕೆ ಈ ಮಗು ಕಾಫಿ ತೋಟ ಸೇರಿದರೆ? ಕಾಲು ತಾನಾಗಿ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿತು.

ಬಾಗಿಲು ತೆರೆಯಿತು. ಭಾಗ್ಯ ಹೊರಗೆ ಬಂದಳು. ಮುಖವೆಲ್ಲ ಬೆವರು.

"ಸೀಟು ಕಾಯ್ತಿದ್ದ ಬ್ಯಾರೇರ್ಗೆ ನೆನ್ನೇನೇ ಕೊಟ್ಬುಟ್ಟವ್ರಂತೆ" ಎಂದಳು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ನೀವೆಲ್ಗೆ ಮಿಸ್?"

"ಒಳಕ್ಕೆ. ನಾನು ಮಾತಾಡ್ತೀನಿ ತಡಿ."

"ಬ್ಯಾಡಿ ಮಿಸ್. ನಾನು ನೀರ್ ಕುಡಿಯಕ್ ಬಂದೆ. ಗಂಟ್ಲು ಒಣಗೋಗದೆ. ಮಾತಿನ್ನೂ ಮುಗ್ದಿಲ್ಲ."

ಮೂಲೆಯ ಡ್ರಮ್ಮಿನಿಂದ ಒಂದು ಲೋಟ ಕುಡಿದಳು. ಇನ್ನೊಂದು ಕುಡಿದಳು. ಬಾಯಿ ಒರೆಸಿಕೊಂಡು ಒಳಗೆ ಹೋಗಿ ತಾನೇ ಬಾಗಿಲು ಹಾಕಿಕೊಂಡಳು. ನಾನು ಬೆಂಚಿಗೆ ವಾಪಸು ಬಂದು ಕೂತೆ. ಅಜ್ಜಿ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು, ಅದು ಕುಣಿಯುತ್ತಿದ್ದುದರಿಂದ.

ಎಷ್ಟು ಹೊತ್ತಾಯಿತೋ. ಈ ಸಲ ಬಾಗಿಲು ತೆರೆದಾಗ ಕೈಯಲ್ಲಿ ಒಂದು ಕಾಗದ ಇತ್ತು.

"ಮಂಚ ಖಾಲಿ ಇಲ್ವಂತೆ. ಒಂದು ಹುಡ್ಗಿ ಟೀಸಿ ತಕ್ಕೊಂಡು ಓಗೋಳವ್ಳಂತೆ, ಅಲ್ಲೀಗಂಟ ಚಾಪೆ ಮ್ಯಾಲೆ ಮನೀಕಬೇಕಂತೆ. ಆಯ್ತದೆ ಅಂದೆ. ತಟ್ಟೆ ನಂದು ಅಂತಾನೂ ಏಳ್ದೆ."

"ಚಾಪೆ ಮ್ಯಾಲಾ?" ಅಜ್ಜಿ ಎದ್ದು ನಿಂತಳು. "ಈ ಥಂಡೀಲಿ? ಮಳೆ ಬ್ಯಾರೆ ಇಡ್ಕತ್ತದೆ. ನಮ್ಮನ್ನ ಒಂದ್ ಮಾತು ಕೇಳ್ದೆ ಎಂಗೇ ಒಪ್ಕಂಡೆ ನೀನು? ಅವ್ರು ಕೇಳ್ನಿಲ್ವಾ, ದೊಡ್ಡೋರ್ ಒಪ್ಪವ್ರಾ ಅಂತ?"

"ಕೇಳುದ್ರು."

"ಏನಂದೆ?"

"ದೊಡ್ಡೋರು ಈಚೆ ಕುಂತವ್ರೆ, ನಾನು ಒಪ್ಪಿವ್ನಿ ಅಂದೆ."

ಅಜ್ಜಿ ನನ್ನ ಕಡೆ ತಿರುಗಿದಳು, ನೀವಾದ್ರೂ ಒಂದ್ ಮಾತ್ ಏಳಿ ಟೀಚರಮ್ಮ ಎನ್ನುವ ಹಾಗೆ. ನಾನು ಬಾಯಿ ತೆರೆದೆ. ಏನೂ ಹೇಳದೆ ಮುಚ್ಚಿದೆ. ಭಾಗ್ಯ ಕಾಗದವನ್ನು ಅಜ್ಜಿಯ ಮುಂದೆ ಹಿಡಿದು, ಹೆಬ್ಬೆಟ್ಟು ಒತ್ತುವ ಜಾಗ ತೋರಿಸಿದಳು.